ಸ್ಟಿಕರ್ ಅಂಟಿಸಿದ್ರೆ ಬಿಸಿನೆಸ್ಸು, ಮರ ಕಡೆದ್ರೆ ಕೂಲಿನಾ?

1/5
ಹೋದ ವಾರ ಕ್ಯಾಂಟೀನ್‌ನಲ್ಲಿ ‘ಪೂಲ್ ಕ್ಯೂ ಮಾಡೋ ವರ್ಕ್‌ಶಾಪ್ ಹಾಕ್ತೀನಿ’ ಅಂದೆ. ಎಲ್ಲರೂ ನಕ್ಕಿರಿ. ಒಬ್ಬ ಅಂದ: ‘ಗುರು, ಚೀನಾದಿಂದ ನೂರು ಕ್ಯೂ ತರಿಸು, ನಿನ್ನ ಲೋಗೋ ಅಂಟಿಸಿ ಇನ್‌ಸ್ಟಾದಲ್ಲಿ ಮಾರು. ಬಿಕಾಂ ಓದಿ ಮರದ ಪುಡಿ ಮೆತ್ಕೋತೀಯಾ?’ ಅಲ್ಲಿ ಉತ್ತರ ಕೊಡಕ್ಕಾಗ್ಲಿಲ್ಲ. ಇಲ್ಲಿ ಕೊಡ್ತೀನಿ. ಪೂರ್ತಿ ಓದಿ ಆಮೇಲೆ ನಗಿ.

2/5
ಕ್ಯೂ ಅಂದ್ರೆ ಬರೀ ಕೋಲಲ್ಲ. ಸುಮಾರು 58 ಇಂಚು ಉದ್ದ, ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು ತೂಕ, ತುದಿ 12–13 ಮಿಲಿಮೀಟರ್. ಮುಂದಿನ ಶಾಫ್ಟ್‌ಗೆ ಹೆಚ್ಚಾಗಿ ಮೇಪಲ್ ಮರ. ಅದನ್ನ ಒಂದೇ ಸಲ ಕಡೆದು ಸಣ್ಣ ಮಾಡಂಗಿಲ್ಲ. ಸ್ವಲ್ಪ ಕಡೀಬೇಕು, ವಾರಗಟ್ಟಲೆ ನೇತು ಹಾಕ್ಬೇಕು, ಮತ್ತೆ ಸ್ವಲ್ಪ ಕಡೀಬೇಕು. ಬಾಗೋ ಮರ ವರ್ಕ್‌ಶಾಪ್‌ನಲ್ಲೇ ಬಾಗ್ಲಿ, ಗಿರಾಕಿ ಕೈಲಲ್ಲ.

ಕಾಸ್ಟ್ ಅಕೌಂಟಿಂಗ್‌ನಲ್ಲಿ ‘ವರ್ಕ್ ಇನ್ ಪ್ರೋಗ್ರೆಸ್’ ಬಾಯಿಪಾಠ ಮಾಡಿದ್ವಲ್ಲ, ಅದು ಇದೇ. ದುಡ್ಡು ಗೋಡೆ ಮೇಲೆ ಮರವಾಗಿ ನೇತಾಡ್ತಿರುತ್ತೆ. ಬಾಗೋ ಶಾಫ್ಟ್‌ಗಳನ್ನ ಮೊದಲೇ ಲೆಕ್ಕಕ್ಕೆ ಹಿಡಿದ್ರೆ ನಾರ್ಮಲ್ ಲಾಸ್, ಇಲ್ಲಾಂದ್ರೆ ಅಂಗಡಿ ಬಾಗಿಲು. ಇದಕ್ಕೆ ಬಿಕಾಂ ಬೇಡ್ವಾ?

3/5
ಸುಲಭ ಅಂತ ಹೇಳ್ತಿಲ್ಲ. ನಮ್ಮ ಚನ್ನಪಟ್ಟಣದ ಬೊಂಬೆ ಮಾಡೋ ಹಾಲೆ ಮರ ಮೃದು, ಶಾಫ್ಟ್‌ಗೆ ಆಗಲ್ಲ. ಮೇಪಲ್ ಹೊರದೇಶದಿಂದ ಬರ್ಬೇಕು. ಹಿಡಿಯೋ ಬಟ್‌ಗೆ ಬೀಟೆ ಚಂದ, ಆದ್ರೆ ಮನಸ್ಸಿಗೆ ಬಂದಂಗೆ ಕಡಿಯೋ ಮರ ಅಲ್ಲ ಅದು, ಅರಣ್ಯ ಇಲಾಖೆ ಅನುಮತಿ ಬೇಕು. ಬಿಲ್ ಇಲ್ಲದ ಬೀಟೆ ಮುಟ್ಟಲ್ಲ. ಎರಡು ತುಂಡಿನ ಕ್ಯೂ ಆದ್ರೂ ಒಂದೊಂದು ತುಂಡು 29 ಇಂಚು, ಅದು ಕೂರೋವಷ್ಟು ಉದ್ದದ ಲೇತ್ ಬೇಕು. ಮರದ ಧೂಳಿಂದ ಕ್ಯಾನ್ಸರ್ ಬರುತ್ತೆ, ಅದಕ್ಕೇ ಮೊದಲ ಖರ್ಚು ಧೂಳು ಎಳೆಯೋ ಮೆಷಿನ್‌ಗೆ. ಶುರು ರಿಪೇರಿಯಿಂದ: ಸವೆದ ಚರ್ಮದ ಟಿಪ್ ಬದಲಿಸೋದು, ಒಡೆದ ಫೆರೂಲ್ ಕೂರಿಸೋದು. ನಾವಾಡೋ ಪಾರ್ಲರ್‌ನ ಕ್ಯೂಗಳನ್ನ ನೋಡಿ, ಎಷ್ಟರ ಟಿಪ್ ನೆಟ್ಟಗಿದೆ?

4/5
ಈಗ ನಿಜವಾದ ಜಗಳ. ಅಪ್ಪ ನನ್ನ ಸಿಎ ಕೋಚಿಂಗ್‌ಗೆ ಎತ್ತಿಟ್ಟ ದುಡ್ಡಲ್ಲಿ ಅರ್ಧ ಕೇಳಿದೀನಿ. ಅಪ್ಪ ಇಪ್ಪತ್ತೈದು ವರ್ಷ ಬೊಂಬೆ ಕಡೆದವರು. ಎರಡೂ ಕೈ ಚಾಚಿ, ‘ಇದು ಬೇಡ ಅಂತಲೇ ನಿನ್ನ ಓದ್ಸಿದ್ದು ಕಣೋ’ ಅಂದ್ರು. ಮೂರು ದಿನ ಆಯ್ತು, ಮಾತಿಲ್ಲ.

ಆ ಕೈಗಳ ಮುಂದೆ ನನ್ನ ಹತ್ರ ಎದುರುತ್ತರ ಇಲ್ಲ. ಆದ್ರೆ ಒಂದು ಪ್ರಶ್ನೆ ಇದೆ. ಅಪ್ಪನಿಗೆ ಕಸುಬು ಬರ್ತಿತ್ತು, ರೇಟ್ ಹಾಕೋ ಹಕ್ಕು ಮಾತ್ರ ಇರ್ಲಿಲ್ಲ. ರೇಟ್ ಹಾಕ್ತಿದ್ದವನು ತಗೊಂಡು ಹೋಗಿ ಮಾರೋನು. ಅಪ್ಪನ ಬಡತನಕ್ಕೆ ಲೇತ್ ಕಾರಣವಾ, ಆ ಲೆಕ್ಕದ ಪುಸ್ತಕವಾ?

5/5
‘ಲೋಗೋ ಅಂಟಿಸು’ ಅಂದೋನೇ, ನೀನು ಹೇಳಿದ್ದು ಆ ಮಾರೋನ ಕೆಲಸ. ತಪ್ಪಂತಲ್ಲ. ಆದ್ರೆ ಬಾಗಿದ ಕ್ಯೂ ವಾಪಸ್ ಬಂದ್ರೆ ಏನ್ಮಾಡ್ತೀಯಾ? ಇನ್ನೊಂದು ಸ್ಟಿಕರ್ ಅಂಟಿಸ್ತೀಯಾ?

ಬೆಂಗಳೂರಲ್ಲಿ ಬೆಳೆದ ಪಂಕಜ್ ಅಡ್ವಾಣಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ರೆ ಸ್ಟೋರಿ ಹಾಕ್ತೀವಿ. ನಮ್ಮೂರ ಬೊಂಬೆಗೆ ಜಿಐ ಟ್ಯಾಗ್ ಅಂತ ಭಾಷಣ ಮಾಡ್ತೀವಿ. ಮನೆ ಮಗ ಲೇತ್ ಮುಂದೆ ನಿಂತ್ರೆ ಮಾತ್ರ ಮರ್ಯಾದೆ ಹೋಗುತ್ತಾ?

ಓದಿದ್ದು ಲೇತ್ ಬಿಡೋಕಲ್ಲ, ಲೇತೂ ಲೆಕ್ಕವೂ ಒಂದೇ ಕೈಲಿರ್ಲಿ ಅಂತ. ಟಿಪ್ ಹೋಗಿರೋ ಕ್ಯೂ ಇದ್ರೆ ಸೋಮವಾರ ಕಾಲೇಜಿಗೆ ತನ್ನಿ. ಮೊದಲ ಬಿಲ್ ಅಪ್ಪನಿಗೆ ತೋರಿಸ್ಬೇಕು.

#ಚನ್ನಪಟ್ಟಣ #ಮರಗೆಲಸ #ಬಿಕಾಂಹುಡುಗರು