ಶಾಲೆಯ ಚುನಾವಣೆ, ಊರಿನ ಪರೀಕ್ಷೆ

ಶಿವಮೊಗ್ಗದ ಸವಳಂಗ ರಸ್ತೆಯನ್ನು ಅರಿಯದವರು ವಿರಳ. ಆ ರಸ್ತೆಗೆ ಹೆಸರಿತ್ತ ಊರು 1997ರಲ್ಲಿ ಹೊನ್ನಾಳಿ ತಾಲ್ಲೂಕಿನೊಡನೆ ದಾವಣಗೆರೆ ಜಿಲ್ಲೆಗೆ ಸೇರಿತು. ಈಗ ನ್ಯಾಮತಿ ತಾಲ್ಲೂಕಿನದು. ಇಂತಹ ಗೆರೆಗಳನ್ನು ಎಳೆಯುವುದು ರಾಜಧಾನಿ. ಶಾಲೆಯ ವಿಷಯದಲ್ಲಿಯಾದರೋ ಮಾತು ತಾಯಿತಂದೆಗಳದು.

2001ರಲ್ಲಿ ಕರ್ನಾಟಕ ಸರ್ಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. ಸದಸ್ಯರಲ್ಲಿ ಶೇಕಡಾ 75ರಷ್ಟಾದರೂ ಪೋಷಕರು, ಶೇಕಡಾ 50ರಷ್ಟು ಮಹಿಳೆಯರು ಇರತಕ್ಕದ್ದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿತು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಅನುದಾನದ ವೆಚ್ಚವನ್ನು ಪರಿಶೀಲಿಸುವುದೂ ಸಮಿತಿಯ ಹೊಣೆ.

ಅಧಿಕಾರ ಇಷ್ಟಿರುವಾಗ, ಅವಿರೋಧ ಆಯ್ಕೆಯನ್ನು ಊರಿನ ಒಗ್ಗಟ್ಟೆಂದು ಹೊಗಳುವ ವಾಡಿಕೆಯನ್ನು ನಾನು ಒಪ್ಪಲಾರೆ. ಜಗಲಿಯ ಮೇಲೆ ನಾಲ್ವರು ಮೊದಲೇ ಪಟ್ಟಿ ಬರೆದಿಟ್ಟು, ಕೂಲಿ ಬಿಟ್ಟು ಬಂದ ತಾಯಿಯಿಂದ ರುಜುವನ್ನಷ್ಟೇ ಪಡೆದರೆ ಅದಕ್ಕೆ ಒಗ್ಗಟ್ಟೆಂಬ ಹೆಸರು ಸಲ್ಲದು. ಹೆಂಡತಿಯ ಸ್ಥಾನದಲ್ಲಿ ಗಂಡ ಬಂದು ಕುಳಿತರೆ ಕಾಯಿದೆಯ ಅರ್ಧಪಾಲು ಕಾಗದದಲ್ಲಿಯೇ ಉಳಿಯಿತು.

ಚುನಾವಣೆಯಿಂದ ಊರಿನ ಪಕ್ಷಜಗಳ ಶಾಲೆಯೊಳಗೆ ಬರುವುದೆಂಬ ಆಕ್ಷೇಪವುಂಟು. ಅದು ನಿರಾಧಾರವೇನೂ ಅಲ್ಲ. ಹಾಗೆಂದು ಮತವನ್ನೇ ತಪ್ಪಿಸಬೇಕೆ? ಆಯ್ಕೆಯ ದಿನ ಮುಖ್ಯೋಪಾಧ್ಯಾಯರು ಹಿಂದಿನ ಸಾಲಿನ ಲೆಕ್ಕವನ್ನು ಸಭೆಯಲ್ಲಿ ಓದಲಿ. ಖಾಲಿಯಿರುವ ಶಿಕ್ಷಕರ ಹುದ್ದೆಗಳೆಷ್ಟು, ಶಾಲೆ ಬಿಟ್ಟ ಮಕ್ಕಳೆಷ್ಟು ಎಂಬುದನ್ನು ತಿಳಿಸಲಿ. ಇದಕ್ಕೇನು ಮಾಡುವಿರಿ ಎಂಬ ಪ್ರಶ್ನೆಗೆ ಅಭ್ಯರ್ಥಿಗಳು ಎಲ್ಲರೆದುರು ಉತ್ತರಿಸಲಿ. ಆಗ ಯಾರು ಯಾವ ಬಣ ಎಂಬ ಮಾತು ತಾನಾಗಿ ಹಿಂದೆ ಸರಿದೀತು.

ಉಳ್ಳವರ ಮಕ್ಕಳು ಬಸ್ಸು ಹತ್ತಿ ಖಾಸಗಿ ಶಾಲೆಗೆ ಹೋಗಬಲ್ಲರು. ಊರ ಶಾಲೆಯೊಂದೇ ಗತಿಯಾದ ಮಗುವಿಗಾಗಿಯಾದರೂ ಆ ದಿನ ತಾಯಂದಿರು ಬಾಯಿ ತೆರೆದು ಲೆಕ್ಕ ಕೇಳಲಿ.