ಐದು ಡಿಗ್ರಿಗೋಸ್ಕರ ಇಷ್ಟೊಂದು ಗಲಾಟೆ ಯಾಕೆ?

"ನಂದು 68 ಡಿಗ್ರಿ, ನಿಂದೆಷ್ಟು?" ಪಿಸಿ ಕಟ್ಟೋ ಹುಡುಗರು ಸೇರಿದ ಕಡೆಯೆಲ್ಲ ಇದೇ ಪೈಪೋಟಿ. ಸ್ಕ್ರೀನ್‌ಶಾಟ್ ತೋರಿಸಿ ಬೀಗ್ತಾರೆ. ಫ್ಯಾನು ಎಷ್ಟು ಕಿರುಚಿಕೊಂಡು ಆ 68ಕ್ಕೆ ಇಳಿಸಿತು ಅನ್ನೋದು ಸ್ಕ್ರೀನ್‌ಶಾಟ್‌ನಲ್ಲಿ ಕೇಳಿಸಲ್ವಲ್ಲ!

ನಾನೂ ಅದೇ ಗುಂಪಿನವನೇ ಆಗಿದ್ದೆ. ಒಂದಿನ ಆಫೀಸ್ ಕಾಲ್‌ನಲ್ಲಿ ಮ್ಯಾನೇಜರ್ "ಮನೇಲಿ ಮಿಕ್ಸಿ ಓಡ್ತಿದೆಯಾ?" ಅಂತ ಕೇಳಿದ ಮೇಲೆ ಬುದ್ಧಿ ಬಂತು.

ಲೆಕ್ಕ ನೋಡಿ. ಫ್ಯಾನಿನ ವೇಗ 1000 ಆರ್‌ಪಿಎಂನಿಂದ 2000ಕ್ಕೆ ಏರಿಸಿದ್ರೆ ಗಾಳಿ ಎರಡು ಪಟ್ಟಾಗುತ್ತೆ. ಅದು ಕೇಳೋ ವಿದ್ಯುತ್ತು ಎಂಟು ಪಟ್ಟು. ಸದ್ದು ಹೆಚ್ಚುಕಮ್ಮಿ 15 ಡೆಸಿಬೆಲ್ ಏರುತ್ತೆ. 10 ಡೆಸಿಬೆಲ್ ಏರಿದ್ರೇನೇ ನಮ್ಮ ಕಿವಿಗೆ ಸದ್ದು ಇಮ್ಮಡಿಯಾದ ಹಾಗೆ. ಇಷ್ಟೆಲ್ಲ ಕೊಟ್ಟು ಸಿಗೋದು ಎಷ್ಟು ತಂಪು? ಕೆಲವೇ ಡಿಗ್ರಿ. ಯಾಕಂದ್ರೆ ಚಿಪ್‌ನಿಂದ ಹೀಟ್‌ಸಿಂಕ್‌ವರೆಗೆ ಶಾಖ ಹರಿಯೋಕಿರೋ ತಡೆಯನ್ನ ಫ್ಯಾನು ಒಂದು ಚೂರೂ ಕಡಿಮೆ ಮಾಡಲ್ಲ.

ಅಷ್ಟಕ್ಕೂ ಆ ಕೆಲವು ಡಿಗ್ರಿ ಯಾರಿಗೆ ಬೇಕು? ಚಿಪ್ಪೇನು ಒಲೆ ಮೇಲಿಟ್ಟ ಹಾಲಾ, ಉಕ್ಕಿಹೋಗೋಕೆ? 2022ರಲ್ಲಿ ರೈಜನ್ 7000 ಬಂದಾಗ ಎಎಂಡಿಯವರೇ ಹೇಳಿದ್ರು, ಭಾರೀ ಕೆಲಸದಲ್ಲಿ 95 ಡಿಗ್ರಿ ಮುಟ್ಟೋದು ವಿನ್ಯಾಸದಲ್ಲೇ ಇದೆ ಅಂತ. ನೀವು 73ನ್ನ 68 ಮಾಡೋಕೆ ರಾತ್ರಿಯಿಡೀ ತಲೆ ಕೆಡಿಸಿಕೊಳ್ತೀರಿ.

ನನ್ನ ನಿಜವಾದ ಸಿಟ್ಟು ಮದರ್‌ಬೋರ್ಡ್ ಮಾಡೋರ ಮೇಲೆ. ಹೆಸರು ಬೇಡ. ನನ್ನ ಬೋರ್ಡು ಬಂದಿದ್ದೇ ಎಂಥ ಫ್ಯಾನ್ ಕರ್ವ್ ಜತೆ ಗೊತ್ತಾ? ಬ್ರೌಸರ್‌ನಲ್ಲಿ ಒಂದು ಟ್ಯಾಬ್ ತೆಗೆದ್ರೆ ಸಾಕು, ಕೋರ್‌ನ ಶಾಖ ಒಂದು ಕ್ಷಣ ಜಿಗಿಯುತ್ತೆ, ಫ್ಯಾನು "ವೂಂ..." ಅಂತ ಎದ್ದು ಮತ್ತೆ ಮಲಗುತ್ತೆ. ನಿಮಿಷಕ್ಕೆ ನಾಲ್ಕು ಸಲ. ಒಂದೇ ಸಮ ಬರೋ ಸದ್ದಿಗೆ ಕಿವಿ ಒಗ್ಗಿಹೋಗುತ್ತೆ, ಮಳೆಯ ಸದ್ದಿಗೆ ಒಗ್ಗಲ್ವಾ ಹಾಗೆ. ಏರಿಳಿಯೋ ಸದ್ದಿಗೆ ಒಗ್ಗೋದು ಕಷ್ಟ. ಹೀಟ್‌ಸಿಂಕ್ ಅಷ್ಟು ಬೇಗ ಬಿಸಿಯಾಗೋದೇ ಇಲ್ಲ, ಹಾಗಾಗಿ ಆ ಓಟಕ್ಕೆ ಅರ್ಥವೂ ಇಲ್ಲ.

ಬಯಾಸ್‌ಗೆ ಹೋಗಿ 70 ಡಿಗ್ರಿವರೆಗೆ 800 ಆರ್‌ಪಿಎಂ, ಆಮೇಲೆ ನಿಧಾನಕ್ಕೆ 1300 ಅಂತ ಕೂರಿಸಿದೆ. ಪ್ರತಿಕ್ರಿಯೆಗೆ ಐದು ಸೆಕೆಂಡ್ ತಡ ಇಟ್ಟೆ. ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ವಿಡಿಯೋ ರೆಂಡರ್ ಮಾಡುವಾಗ 71 ಇದ್ದಿದ್ದು 78 ಆಯ್ತು. ರೆಂಡರ್ ಮುಗಿಯೋ ಹೊತ್ತು ಬದಲಾಗ್ಲಿಲ್ಲ.

ಹಾಗಂತ ಫ್ಯಾನೇ ತಿರುಗಬಾರದು ಅನ್ನೋ ಮೌನವ್ರತದವರ ಪಕ್ಷವೂ ನಾನಲ್ಲ. ಬೆಂಗಳೂರಿನ ಜನವರಿಯಲ್ಲಿ ಕೂರಿಸಿದ ಕರ್ವ್‌ನ ಕಲಬುರಗಿಯ ಮೇ ತಿಂಗಳಿಗೆ ಒಯ್ದರೆ ನಡೆಯಲ್ಲ. ಕೋಣೆ 15 ಡಿಗ್ರಿ ಏರಿದ್ರೆ ಒಳಗೂ ಹತ್ತಿರಹತ್ತಿರ ಅಷ್ಟೇ ಏರುತ್ತೆ. ಪ್ರೊಸೆಸರ್ ತಾನಾಗೇ ವೇಗ ಇಳಿಸಿಕೊಂಡು ಬಚಾವಾಗುತ್ತೆ, ಸರಿ. ಗಾಳಿಯಾಡದ ಕೇಸಿನಲ್ಲಿ ಎಸ್‌ಎಸ್‌ಡಿಯ ಗತಿ ಏನು?

ಕೆಲವು ವಿಮರ್ಶಕರು ಎಲ್ಲ ಕೂಲರ್‌ಗಳನ್ನೂ ಮೊದಲು ಒಂದೇ ಸದ್ದಿಗೆ ತಂದು, ಆಮೇಲೆ ಶಾಖ ಅಳೀತಾರೆ. ಮುಂದಿನ ಸಲ 68 ಅಂತ ಬೀಗೋನು ಸಿಕ್ಕಿದ್ರೆ ನಾನು ಕೇಳೋದೂ ಅದನ್ನೇ: ಎಷ್ಟು ಡೆಸಿಬೆಲ್‌ನಲ್ಲಿ, ಗುರು?