ತಂತ್ರಾಂಶ ಬದಲಾವಣೆ: ಯಾವಾಗ, ಹೇಗೆ, ಯಾರ ಹೊಣೆ?

"ಸರ್ವರ್ ಡೌನ್ ಆಗಿದೆ, ಸ್ವಲ್ಪ ಹೊತ್ತು ಕುಳಿತುಕೊಳ್ಳಿ." ಬ್ಯಾಂಕಿಗೆ ಬಂದ ಗ್ರಾಹಕರಿಗೆ ಇದಕ್ಕಿಂತ ಬೇಸರದ ಮಾತು ಇನ್ನೊಂದಿಲ್ಲ. ಕೌಂಟರಿನ ಹಿಂದೆ ಕುಳಿತು ಅದನ್ನು ಹೇಳಬೇಕಾದ ನಮ್ಮಂಥ ನೌಕರರಿಗೂ ಅದು ಅಷ್ಟೇ ಮುಜುಗರದ ಸಂಗತಿ. ಹೊಸ ತಂತ್ರಾಂಶ ಬಂದ ವಾರವಂತೂ ಹಿರಿಯ ಪಿಂಚಣಿದಾರರು ನಮ್ಮನ್ನು ಕೇಳುವುದುಂಟು: "ಚೆನ್ನಾಗಿ ನಡೆಯುತ್ತಿದ್ದುದನ್ನು ಏಕೆ ಕೆಡಿಸಿದಿರಿ?" ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹುಡುಕುವ ಪ್ರಯತ್ನ ಈ ಲೇಖನ.

ತಂತ್ರಾಂಶವೆಂಬುದು ಕಬ್ಬಿಣದ ತಿಜೋರಿಯಂತೆ ಒಮ್ಮೆ ತಂದಿಟ್ಟರೆ ತಲೆಮಾರುಗಳ ಕಾಲ ಬಾಳುವ ವಸ್ತುವಲ್ಲ. ತಯಾರಿಸಿದ ಕಂಪೆನಿಯು ಅದರ ದೋಷಗಳನ್ನು ತಿದ್ದುತ್ತಿರುವ ತನಕ ಮಾತ್ರ ಅದು ಸುರಕ್ಷಿತ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪೆನಿಯ ಬೆಂಬಲ 2014ರ ಏಪ್ರಿಲ್ 8ರಂದು ನಿಂತುಹೋಯಿತು. ಆದರೆ ನಮ್ಮ ದೇಶದ ಅನೇಕ ಎಟಿಎಂಗಳು ಆನಂತರವೂ ಅದರ ಮೇಲೆಯೇ ನಡೆಯುತ್ತಿದ್ದವು. ಕೊನೆಗೆ 2018ರ ಜೂನ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, 2019ರ ಜೂನ್ ಒಳಗೆ ಹಂತಹಂತವಾಗಿ ಎಲ್ಲ ಯಂತ್ರಗಳನ್ನೂ ಬದಲಿಸಬೇಕೆಂದು ಗಡುವು ವಿಧಿಸಬೇಕಾಯಿತು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ಇಂಥ ವಿಳಂಬಕ್ಕೆಂದೇ ಹುಟ್ಟಿದಂತಿದೆ.

ತಡಮಾಡುವವರ ಮೇಲೆ ರಿಸರ್ವ್ ಬ್ಯಾಂಕು ಈಚಿನ ವರ್ಷಗಳಲ್ಲಿ ಕಠಿಣ ನಿಲುವು ತಳೆದಿರುವುದನ್ನೂ ಗಮನಿಸಬೇಕು. ಪದೇಪದೇ ಸೇವೆ ಸ್ಥಗಿತಗೊಂಡ ಕಾರಣ 2020ರ ಡಿಸೆಂಬರಿನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕು ಹೊಸ ಕ್ರೆಡಿಟ್ ಕಾರ್ಡುಗಳನ್ನು ನೀಡದಂತೆ ತಡೆಯಲಾಯಿತು. 2024ರ ಏಪ್ರಿಲಿನಲ್ಲಿ ಕೋಟಕ್ ಮಹೀಂದ್ರ ಬ್ಯಾಂಕಿನ ಮೇಲೆಯೂ ಇಂಥದೇ ನಿರ್ಬಂಧ ಬಂದು, 2025ರ ಫೆಬ್ರವರಿಯಲ್ಲಿ ತೆರವಾಯಿತು. ಆ ಬ್ಯಾಂಕಿನ ಬಗ್ಗೆ ಎತ್ತಿದ ಆಕ್ಷೇಪಗಳಲ್ಲಿ ತಂತ್ರಾಂಶದ ತಿದ್ದುಪಡಿ ಹಾಗೂ ಬದಲಾವಣೆಗಳ ನಿರ್ವಹಣೆಯೂ ಸೇರಿತ್ತು. ಬದಲಿಸದೆ ಕುಳಿತಿರುವುದೂ ಒಂದು ನಿರ್ಧಾರವೇ. ಅದಕ್ಕೂ ಬೆಲೆ ತೆರಬೇಕು.

ಹಾಗೆಂದು ಧಾವಂತ ಸಲ್ಲದು. ಇಂಗ್ಲೆಂಡಿನ ಟಿಎಸ್‌ಬಿ ಬ್ಯಾಂಕಿನ ಪ್ರಸಂಗ ಇದಕ್ಕೆ ದೊಡ್ಡ ನಿದರ್ಶನ. ಆ ಬ್ಯಾಂಕು ಲಾಯ್ಡ್ಸ್ ಬ್ಯಾಂಕಿನ ಗಣಕ ವ್ಯವಸ್ಥೆಯನ್ನು ಬಾಡಿಗೆಗೆ ಬಳಸುತ್ತಿತ್ತು. ಸ್ಪೇನಿನ ಸಬಡೆಲ್ ಬ್ಯಾಂಕು ಅದನ್ನು ಕೊಂಡ ಬಳಿಕ ತನ್ನದೇ ವ್ಯವಸ್ಥೆಗೆ ವರ್ಗಾಯಿಸಲು ಹೊರಟಿತು. 2017ರ ನವೆಂಬರಿಗೆ ಗೊತ್ತಾಗಿದ್ದ ದಿನ ಮುಂದೂಡಲ್ಪಟ್ಟು, 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಬಹುತೇಕ ಒಂದೇ ಏಟಿಗೆ ಸಾಗಿಸಲಾಯಿತು. ಲೆಕ್ಕಗಳೇನೋ ಸುರಕ್ಷಿತವಾಗಿ ದಾಟಿದವು. ಆದರೆ ಹೊಸ ವ್ಯವಸ್ಥೆ ಆ ಭಾರವನ್ನು ಹೊರಲು ಸಿದ್ಧವಾಗಿರಲಿಲ್ಲ. ಲಕ್ಷಾಂತರ ಮಂದಿಗೆ ತಮ್ಮ ಹಣವೇ ಕೈಗೆ ಸಿಗದಾಯಿತು. ಎಲ್ಲವೂ ಸರಿಹೋಗುವಾಗ ಡಿಸೆಂಬರ್ ಬಂದಿತ್ತು. 2022ರಲ್ಲಿ ನಿಯಂತ್ರಕ ಸಂಸ್ಥೆಗಳು ಸುಮಾರು 4.87 ಕೋಟಿ ಪೌಂಡ್ ದಂಡ ವಿಧಿಸಿದವು. ಮರುವರ್ಷ ಅಲ್ಲಿನ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥರಾಗಿದ್ದವರಿಗೇ 81,620 ಪೌಂಡ್ ದಂಡ ಬಿದ್ದಿತು. ಮೊದಲು ದಿನಾಂಕ ಗೊತ್ತುಮಾಡಿ ಬಳಿಕ ಕೆಲಸವನ್ನು ಅದಕ್ಕೆ ಹೊಂದಿಸಲು ಹೊರಟುದೇ ತಪ್ಪು ಎಂಬುದು ಆ ಬಗೆಗಿನ ತನಿಖೆಯ ಮುಖ್ಯ ಟೀಕೆಗಳಲ್ಲಿ ಒಂದು.

ನಮ್ಮ ಓದುಗರಿಗೆ ಹತ್ತಿರದ ಉದಾಹರಣೆಯೂ ಇದೆ. ಉಡುಪಿ, ಮಂಗಳೂರಿನಲ್ಲಿ ಹುಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ಮುಂಬಯಿ ಕನ್ನಡಿಗರ ಪಾಲಿಗೆ ಊರಿನ ನೆಂಟರಿದ್ದಂತೆ. 2019 ಮತ್ತು 2020ರಲ್ಲಿ ಅವು ದೊಡ್ಡ ಬ್ಯಾಂಕುಗಳಲ್ಲಿ ವಿಲೀನಗೊಂಡವು. 2019ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ವಿಲೀನದ ಯೋಜನೆ ಪ್ರಕಟಿಸಿದಾಗ, ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳದು ಒಂದೇ ಬಗೆಯ ಕೋರ್ ಬ್ಯಾಂಕಿಂಗ್ ತಂತ್ರಾಂಶವೆಂಬುದನ್ನು ಅನುಕೂಲವೆಂದು ಎತ್ತಿ ಹೇಳಿತ್ತು. ಯಾವ ಬ್ಯಾಂಕು ಯಾವುದರೊಡನೆ ಸೇರಬೇಕೆಂಬ ವಿಚಾರದಲ್ಲೂ ತಂತ್ರಾಂಶಕ್ಕೆ ಮಾತಿದ್ದ ಕಾಲವಿದು! 2020ರ ಏಪ್ರಿಲ್ 1ಕ್ಕೆ ವಿಲೀನವಾದರೂ ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರವರೆಗೆ ಉಳಿದಿದ್ದವು. ಒಂದು ವರ್ಷಕ್ಕೂ ಮಿಕ್ಕಿದ ಈ ಅವಧಿ ಸಾಮಾನ್ಯ ಖಾತೆದಾರನಿಗೆ ಸಿಕ್ಕ ದೊಡ್ಡ ಉಪಕಾರವೆಂದೇ ನಮ್ಮ ಅಭಿಪ್ರಾಯ.

ಮೇಲೆ ಹೇಳಿದ ಎಚ್‌ಡಿಎಫ್‌ಸಿ ಬ್ಯಾಂಕು 2024ರ ಜುಲೈ 13ರಂದು ತನ್ನ ಮೂಲ ವ್ಯವಸ್ಥೆಯನ್ನು ಬದಲಿಸುವಾಗ ಆರಿಸಿಕೊಂಡದ್ದು ಎರಡನೆಯ ಶನಿವಾರದ ರಜಾದಿನವನ್ನು. ನಸುಕಿನ ಮೂರು ಗಂಟೆಯಿಂದ ಸಂಜೆ ನಾಲ್ಕೂವರೆಯ ತನಕ ಯಾವ ಸೇವೆ ಸಿಗುತ್ತದೆ, ಯಾವುದು ಸಿಗದು ಎಂಬುದನ್ನು ಮೊದಲೇ ತಿಳಿಸಿತ್ತು. ಗ್ರಾಹಕರಿಗೆ ತೊಂದರೆ ಆಗಲೇಬಾರದೆಂದು ಹಟ ಹಿಡಿಯಲಾಗದು. ಆಗುವ ತೊಂದರೆಯನ್ನು ಮುಂಚಿತವಾಗಿ, ಸ್ಪಷ್ಟವಾಗಿ ಹೇಳುವುದಾದರೂ ಸಾಧ್ಯ.

ಇವೆಲ್ಲವುಗಳಿಂದ ನಾವು ಕಂಡುಕೊಂಡದ್ದು ಇಷ್ಟು. ಬದಲಿಸಬೇಕೇ ಎಂಬುದಕ್ಕೆ ಉತ್ತರ, ಹಳೆಯದಕ್ಕೆ ಕಂಪೆನಿಯ ಬೆಂಬಲ ಇನ್ನೆಷ್ಟು ದಿನ ಇದೆ ಎಂಬುದರಲ್ಲಿದೆ. ಯಾವಾಗ ಎಂಬುದಕ್ಕೆ ಉತ್ತರ ಸಿದ್ಧತೆಯಲ್ಲಿದೆ: ನಿಜವಾದ ಲೆಕ್ಕಗಳ ನಕಲಿನ ಮೇಲೆ ತಾಲೀಮು ಆಗಿದೆಯೇ? ಎಡವಿದರೆ ಹಿಂದಿರುಗುವ ದಾರಿ ಉಂಟೇ? ಕೌಂಟರಿನಲ್ಲಿ ಕುಳಿತುಕೊಳ್ಳುವವರಿಗೆ ತರಬೇತಿ ಸಿಕ್ಕಿದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಬಾರದಿದ್ದರೆ, ಘೋಷಿಸಿದ ದಿನಾಂಕವನ್ನು ಮುಂದೂಡುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಮುಂದೂಡಿದ ದಿನಗಳನ್ನು ಸಿದ್ಧತೆಗೇ ಬಳಸಬೇಕು. ಕೊನೆಯ ಮಾತನ್ನು ಹೇಳುವ ಅಧಿಕಾರ ಮಾರುವ ಕಂಪೆನಿಗಾಗಲಿ ಕ್ಯಾಲೆಂಡರಿಗಾಗಲಿ ಇರಕೂಡದು.

ಹೊಟೇಲು, ಅಂಗಡಿ, ಸಣ್ಣ ಕಂಪೆನಿ ನಡೆಸುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ. ಗಣಕದಲ್ಲಿ ಲೆಕ್ಕ ಇಡುವ ಕಂಪೆನಿಗಳು ಪ್ರತಿಯೊಂದು ತಿದ್ದುಪಡಿಯ ದಾಖಲೆಯೂ ಉಳಿಯುವಂಥ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂಥವರಿಗೆ ಬದಲಾವಣೆ ಈಗ ಇಷ್ಟಾನಿಷ್ಟದ ವಿಷಯವಲ್ಲ. ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಕೈಹಾಕದೆ, ಲೆಕ್ಕದ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟು, ಒಂದು ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಗೆ ನಡೆಸಿ ತಾಳೆನೋಡುವುದು ಒಳಿತು.

ಲೆಡ್ಜರುಗಳ ಕಾಲದಲ್ಲಿ ದಿನದ ಲೆಕ್ಕ ಸರಿಹೊಂದದೆ ಮನೆಗೆ ಹೊರಡುವಂತಿರಲಿಲ್ಲ. ಪುಸ್ತಕ ಹೋಗಿ ಪರದೆ ಬಂದರೂ ಆ ಶಿಸ್ತು ಹೋಗಬಾರದು. ತಿಂಗಳ ಮೊದಲ ದಿನ ಪಾಸ್‌ಬುಕ್ ಹಿಡಿದು ಬರುವ ವೃದ್ಧರಿಗೆ ತಂತ್ರಾಂಶದ ಹೆಸರು ಬೇಕಿಲ್ಲ. ತಮ್ಮ ಹಣ ಅಲ್ಲಿದೆ, ಕೇಳಿದಾಗ ಸಿಗುತ್ತದೆ ಎಂಬ ಭರವಸೆ ಬೇಕು. ಆ ಭರವಸೆಯನ್ನು ಕಾಯುವ ಬದಲಾವಣೆಯೇ ಸ್ವಾಗತಾರ್ಹ.